ಒಳಗೆ ಬನ್ನಿ

ನವೆಂಬರ್ ೧೪, ಗುರುವಾರ

ಚಾಮರಾಜಪೇಟೆ ಮನೆಯ ಬೀಗದ ಕೈ ಇವತ್ತು ಕೊಟ್ಟಾಯಿತು. ಇವರ ಅಣ್ಣತಮ್ಮಂದಿರ ಪಾಲಿಗಾಗಿ ಮಾರಲೇಬೇಕಿತ್ತು, ಮಾರಿದೆವು. ಹೋದ ವಾರ ರಿಜಿಸ್ಟ್ರೇಷನ್ ದಿನ ನನಗೆ ಏನೂ ಅನ್ನಿಸಿರಲಿಲ್ಲ. ಈಗ ಈ ಬಾಡಿಗೆ ಮನೆಯಲ್ಲಿ ಕೂತರೆ ಒಂದೇ ಮಾತು ತಲೆಯಲ್ಲಿ ತಿರುಗುತ್ತಿದೆ.

ಮನೆ ಕೊಂಡ ಹುಡುಗಿ ಧೃತಿ ಒಳಗೆ ನಿಂತಿದ್ದಳು. ನಾನು ಆಗಲೇ ಹೊರಗೆ ಬಂದು, ಚಪ್ಪಲಿ ಮೆಟ್ಟಿ, ಬೀಗದ ಕೈ ಗೊಂಚಲು ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ಹೊಸ್ತಿಲಾಚೆಯಿಂದ ಕೊಡಬಾರ್ದು ಆಂಟಿ. ಒಳಗೆ ಬನ್ನಿ."

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ತರಕಾರಿಯವಳಿಗೆ, ಕೊರಿಯರ್‌ನವನಿಗೆ ಎಲ್ಲರಿಗೂ ಇದನ್ನೇ ಹೇಳಿ ಹೇಳಿ ಬೈಸಿಕೊಂಡವಳು ನಾನು. ಇವತ್ತು ನಾನೇ ಮರೆತಿದ್ದೆ.

ಚಪ್ಪಲಿ ಬಿಟ್ಟು ಒಳಗೆ ಹೋದೆ. "ಕೂತ್ಕೊಳ್ಳಿ" ಅಂದಳು. ಖಾಲಿ ಮನೆ, ಒಂದು ಕುರ್ಚಿಯೂ ಇಲ್ಲ; ಇಬ್ಬರೂ ನಕ್ಕೆವು. ಗೊಂಚಲು ಕೊಟ್ಟೆ. ಪೂಜೆಗೆಂದು ತಂದ ಪೊಟ್ಟಣ ಬಿಚ್ಚಿ ಕುಂಕುಮ ಕೊಟ್ಟಳು, ಮನೆಗೆ ಬಂದವರಿಗೆ ಕೊಡುವ ಹಾಗೆ. ಇಟ್ಟುಕೊಂಡೆ.

ಆಟೋದಲ್ಲಿ ಕಾಯುತ್ತಿದ್ದ ಇವರು ಕೇಳಿದರು: "ಮತ್ಯಾಕೆ ಒಳಗೆ ಹೋದೆ? ಏನಾದ್ರೂ ಬಿಟ್ಟಿದ್ಯಾ?"

"ಇಲ್ಲ, ಕರೆದ್ರು. ಹೋಗಿದ್ದೆ" ಅಂದೆ.