ಪುಟ್ಟಿಯ ಮೂಗಿಗೆ ಒಂದು ಹಣ್ಣು

ಹಣ್ಣಿನ ಸಂಶೋಧನೆಯ ತೋಟದ ಮನೆಯಿಂದ,
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿ ಪುಟ್ಟಿಗೆ,

ಹೇಗಿದ್ದೀಯೇ? ಜ್ವರ ಬಿಟ್ಟು ಇಷ್ಟು ದಿನವಾದರೂ ನಿನ್ನ ಮೂಗಿಗೆ ಒಂದು ವಾಸನೆಯೂ ತಿಳಿಯುತ್ತಿಲ್ಲವೆಂದು ನಿನ್ನ ಮನೆಯವರು ಬರೆದಿದ್ದರು. ನಾಲಿಗೆಗೆ ರುಚಿ ಹತ್ತದೆ ಎರಡು ತುತ್ತಿಗೇ ತಟ್ಟೆ ಸರಿಸಿ ಏಳುತ್ತೀಯಂತೆ. ಒಲೆಯ ಮೇಲಿನ ಪಾತ್ರೆ ಸೀದು ಕರಕಲಾಗುತ್ತಿದ್ದರೂ ಪಕ್ಕದ ಕೋಣೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದೆಯಂತೆ. ಅವತ್ತಿನಿಂದ ಅವರು ನಿನ್ನನ್ನು ಅಡುಗೆಮನೆಗೆ ಬಿಡುತ್ತಿಲ್ಲ. ಹೆದರಿಕೆಗೆ ಹಾಗೆ ಮಾಡಿದ್ದಾರೆ, ಅವರನ್ನು ಬೈದುಕೊಳ್ಳಬೇಡ. ಆದರೆ ಬಂದವರಿಗೆಲ್ಲ ಬಡಿಸಿದ ಕೈ ನಿನ್ನದು. ಅದನ್ನು ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡು ಕೂತರೆ ನೀನು ಒಳಗೊಳಗೇ ಸೊರಗುತ್ತೀಯ ಎಂದು ಅಕ್ಕನಿಗೆ ಗೊತ್ತಿಲ್ಲವೇ. ದೇವರ ಮುಂದೆ ಕೂತಾಗಲೆಲ್ಲ ನನ್ನ ಬಾಯಿಗೆ ಬರುವುದು ನಿನ್ನ ಮೂಗಿನದೊಂದೇ ಬೇಡಿಕೆ. ನಾವು ಚೆನ್ನಾಗಿದ್ದೇವೆ. ನಿಮ್ಮ ಭಾವನಿಗೆ ಮಂಡಿನೋವು, ಆದರೂ ಏಣಿ ಹತ್ತುವ ಚಪಲ ಬಿಟ್ಟಿಲ್ಲ.

ಇಲ್ಲಿ ಈಗ ಚೀನಾ ಕ್ವಿನ್ಸ್ ಹಣ್ಣಿನ ಕಾಲ. ನೀನು ನೋಡಿಲ್ಲವಲ್ಲ, ಹೇಳುತ್ತೇನೆ ಕೇಳು. ಸೇಬಿಗೂ ಪೇರ್ ಹಣ್ಣಿಗೂ ಅದು ದಾಯಾದಿ. ಮರದ ತೊಗಟೆ ಚಕ್ಕೆಚಕ್ಕೆಯಾಗಿ ಕಳಚಿ, ಒಳಗೆ ಹಸಿರು, ಬೂದು, ಕಿತ್ತಳೆ ಬಣ್ಣದ ತೇಪೆಗಳು ಕಾಣುತ್ತವೆ. ಬಿಸಿಲಲ್ಲಿ ನಿಂತು ನೋಡಿದರೆ ಮರ ಯಾರದೋ ಹಳೆಯ ಅಂಗಿ ತೊಟ್ಟು ಕನಸು ಕಾಣುತ್ತಿದೆ ಅನ್ನಿಸುತ್ತದೆ. ಹಣ್ಣು ಅಂಗೈ ತುಂಬುವಷ್ಟು ದೊಡ್ಡದು, ಹಳದಿ, ಎಣ್ಣೆ ಸವರಿದಂತೆ ಮೈಯೆಲ್ಲ ಅಂಟಂಟು. ಕಚ್ಚಲು ಹೋದರೆ ಹಲ್ಲು ಅಲ್ಲಾಡಬೇಕು, ಕಚ್ಚಿದರೂ ಬರೀ ಒಗರು. ದೇವರು ಅದಕ್ಕೆ ಕೊಡಬೇಕಾದ ಸಿಹಿಯನ್ನೆಲ್ಲ ಪರಿಮಳಕ್ಕೇ ಸುರಿದುಬಿಟ್ಟಿದ್ದಾನೆ. ಆ ಪರಿಮಳ ಮರದಿಂದ ಮರಕ್ಕೆ ಯಾಕೆ ಬೇರೆಯಾಗುತ್ತದೆ, ಅದರ ನೆಂಟ ಮರಗಳಲ್ಲಿ ಎಷ್ಟಿದೆ ಎಂದು ನಮ್ಮ ಡಾಕ್ಟರಮ್ಮ ಹುಡುಕುತ್ತಿದ್ದಾರೆ. ಸೂಜಿ ಚುಚ್ಚುವ ಡಾಕ್ಟರಲ್ಲ, ಹಣ್ಣಿನ ವಿದ್ಯೆಯವರು. ಅವರ ಯಂತ್ರ ಹಣ್ಣಿನ ಗಾಳಿಯನ್ನು ಹೀರಿ ಕಾಗದದ ಮೇಲೆ ಬೆಟ್ಟಗಳ ಸಾಲಿನಂಥ ಗೆರೆ ಎಳೆಯುತ್ತದೆ. ಯಾವ ಬೆಟ್ಟ ಮನುಷ್ಯರ ಮೂಗಿಗೆ ಹೇಗೆ ತಾಗುತ್ತದೆ ಎಂಬುದಕ್ಕೆ ಮಾತ್ರ ಮನುಷ್ಯರೇ ಬೇಕು. ಅದಕ್ಕೆ ಗಾಜಿನ ಬಾಟಲಿ ತೊಳೆಯುವ ನನ್ನನ್ನೂ ಮೂಸುವವರ ಗುಂಪಿಗೆ ಸೇರಿಸಿಕೊಂಡರು.

ಮೂಸುವ ಕೋಣೆಯದೇ ಒಂದು ಲೋಕ, ಪುಟ್ಟೀ. ಬಿಳಿ ಗೋಡೆ, ತೆಳು ಪರದೆ, ಗಟ್ಟಿಯಾಗಿ ಮಾತಾಡುವಂತಿಲ್ಲ. ಹಣ್ಣಿನ ಹೋಳಿಟ್ಟು ಮುಚ್ಚಳ ಹಾಕಿದ ಗಾಜಿನ ಬಟ್ಟಲು ಒಂದೊಂದಾಗಿ ಮುಂದೆ ಬರುತ್ತದೆ. ಮುಚ್ಚಳ ಎತ್ತಿದ ಕೂಡಲೇ ಗೋಡೆ ಕರಗಿ ನಾನು ಎಲ್ಲಿಗೋ ಹೋಗಿಬಿಡುತ್ತೇನೆ. ಏನು ನೆನಪಾಯಿತೋ ಅದನ್ನೇ ಹೇಳಬೇಕು. ಗುಂಪಿನಲ್ಲಿರುವ ನಮ್ಮ ಗೇಟು ಕಾಯುವ ಮಾಮ ಮಾತ್ರ ಪ್ರತಿ ಸಲವೂ, "ಹಣ್ಣು ಹಣ್ಣಿನ ಥರಾನೇ ಇದೆ ಮೇಡಂ, ಇನ್ನೇನು ಚಪ್ಪಲಿ ಥರ ಇರುತ್ತಾ?" ಅನ್ನುತ್ತಾನೆ. ಹೋದ ವಾರ ನನ್ನಿಂದ ಒಂದು ಎಡವಟ್ಟಾಯಿತು. ಬೆಳಿಗ್ಗೆ ನಿನ್ನ ಸಲುವಾಗಿ ಧೂಪವನ್ನು ಒಂದು ಹಿಡಿ ಹೆಚ್ಚಾಗಿಯೇ ಹಾಕಿ ಬೇಡಿಕೊಂಡು, ಅದೇ ಬಟ್ಟೆಯಲ್ಲಿ ಹೋಗಿ ಕೂತೆ. ಮೊದಲ ಬಟ್ಟಲಿಗೆ "ದೇವರ ಕೋಣೆ" ಅಂದೆ. ಎರಡನೆಯದಕ್ಕೂ ಅದನ್ನೇ ಅಂದೆ. ಪಕ್ಕದಲ್ಲಿ ಕೂತ ಟೈಪಿಸ್ಟ್ ಹುಡುಗಿಯೂ ದೇವರ ಕೋಣೆ ಅಂದಳು. ಮಾಮ ಬಟ್ಟಲಿಗೆ ಕೈ ಮುಗಿದು, "ಇವತ್ತು ಹಣ್ಣಿಗೇ ಭಕ್ತಿ ಬಂದಿದೆ ಮೇಡಂ" ಅಂದ. ಡಾಕ್ಟರಮ್ಮ ಎದ್ದು ಬಂದು ನನ್ನ ತಲೆಗೂದಲ ಹತ್ತಿರ ಮೂಸಿ, ಬಟ್ಟಲುಗಳನ್ನೆಲ್ಲ ವಾಪಸು ಕಳಿಸಿದರು. ಒಂದು ದಿನದ ಕೆಲಸ ಹೊಗೆಯಾಗಿ ಹೋಯಿತು.

ಸಂಜೆ ತಪ್ಪಾಯಿತೆಂದು ಹೇಳಲು ಹೋದವಳು ಧೂಪ ಯಾಕೆ ಹೆಚ್ಚಾಯಿತೆಂದು ಹೇಳುತ್ತ ನಿನ್ನ ಕಥೆಯನ್ನೆಲ್ಲ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. "ನಿಮ್ಮ ತಂಗಿ ಮೂಗು ನಿದ್ದೆ ಹೋಗಿರಬಹುದಮ್ಮ. ಏಳುತ್ತೆ ಅಂತ ನಾನು ಮಾತು ಕೊಡಲ್ಲ. ದಿನಾ ಅದೇ ವಾಸನೆನ ನೆನಪು ಮಾಡ್ಕೊಂಡು ಮೂಸ್ತಾ ಮೂಸ್ತಾ ಕೆಲವರಿಗೆ ಮೆಲ್ಲಗೆ ಬಂದಿದೆ" ಅಂದರು. ಮರುದಿನ ದೇವರಿಗೆ ಒಂದು ಮಾತು ಹೇಳಿ ಧೂಪ ಬಿಟ್ಟೇ ಹೋದೆ, ಅವನು ಮುನಿಸಿಕೊಳ್ಳುವವನಲ್ಲ. ಅವತ್ತು ಮೂರನೆಯ ಬಟ್ಟಲು ತೆರೆದಾಗ ಒಂದು ಹಳೆಯ ಬೆಳಿಗ್ಗೆ ಕಣ್ಣಿಗೆ ಕಟ್ಟಿದಂತಾಯಿತು. ನೀನು ಚಿಕ್ಕವಳಿದ್ದಾಗ ಜ್ವರದಲ್ಲಿ ಮಲಗಿದ್ದೆಯಲ್ಲ, ಅದು ಬಿಟ್ಟ ಬೆಳಿಗ್ಗೆ ಅಮ್ಮ ಕಿಟಕಿ ತೆಗೆದಳು. ಒದ್ದೆ ಮರದ ಚೌಕಟ್ಟು, ಒಗೆದ ಹೊದಿಕೆ, ಎಲ್ಲೋ ದೂರದ ಹೂವು, ಎಲ್ಲ ಒಟ್ಟಿಗೆ ಒಳಗೆ ಬಂತು. ನೀನು ಕಣ್ಣು ಮುಚ್ಚಿಕೊಂಡೇ "ಅಕ್ಕ, ಹೊರಗಡೆ ಬಂತು" ಅಂದೆ. ನಾನು ಅಷ್ಟನ್ನೂ ಹೇಳಿದೆ. ಟೈಪಿಸ್ಟ್ ಹುಡುಗಿ ಕಿಸಕ್ಕೆಂದಳು. ಡಾಕ್ಟರಮ್ಮ ನಗಲಿಲ್ಲ, ಬರೆದುಕೊಂಡರು. ಕೋಣೆ ಖಾಲಿಯಾದ ಮೇಲೆ ಅದೇ ಮರದ್ದೊಂದು ಹಣ್ಣು ತಂದು ನನ್ನ ಕೈಗಿಟ್ಟು, "ಇದು ಲೆಕ್ಕದ್ದಲ್ಲ, ತಂಗಿಗೆ ಕಳಿಸಿ" ಅಂದರು.

ಅದನ್ನೇ ಈ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ತೊಳೆಯಬೇಡ, ಅಂಟಿನಲ್ಲೇ ಅದರ ಜೀವವಿದೆ. ದಿನಾ ಬೆಳಿಗ್ಗೆ ಸಂಜೆ ಕಿಟಕಿಯ ಪಕ್ಕ ಕೂತು, ಆ ಬೆಳಿಗ್ಗೆಯನ್ನು ನೆನೆಸಿಕೊಂಡು ಮೆಲ್ಲಗೆ ಮೂಸು. ಜಗ್ಗಿ ಎಳೆಯಬೇಡ, ಮಗುವನ್ನು ಎಬ್ಬಿಸುವಂತೆ ಎಬ್ಬಿಸು. ಈಗಷ್ಟೇ ಊಟ ಮಾಡಿ, ಪೆಟ್ಟಿಗೆಗೆ ಹಾಕುವ ಮುಂಚೆ ಹಣ್ಣನ್ನು ತಲೆಯ ಹತ್ತಿರ ಇಟ್ಟುಕೊಂಡು ಒರಗಿದ್ದೆ. ಜೊಂಪು ಹತ್ತಿತು. ನೀನು ಆ ತೇಪೆಯ ಮರಗಳ ನಡುವೆ ಬರಿಗಾಲಲ್ಲಿ ನಡೆಯುತ್ತಿದ್ದೆ. ಒಂದೊಂದು ಮರಕ್ಕೂ ಕೆನ್ನೆ ತಾಗಿಸಿ, ಇದಲ್ಲ, ಇದಲ್ಲ ಎಂದು ಮುಂದೆ ಹೋಗುತ್ತಿದ್ದೆ. ಮುಂದೇನಾಯಿತೋ, ನಿಮ್ಮ ಭಾವ ಕೆಮ್ಮಿ ಎಬ್ಬಿಸಿಬಿಟ್ಟರು.

ನಿನ್ನ ಮನೆಯವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ದೇವರು ನಿನ್ನ ತಲೆಯ ಮೇಲೆ ಕೈ ಇಟ್ಟು ಕಾಯಲಿ.

ನಿನ್ನ
ಅಕ್ಕ

ತಾ. ಕ.: ತೋಟದ ವ್ಯಾನು ನಿಮ್ಮ ಕಡೆಗೇ ಹೊರಟಿದೆ, ಡ್ರೈವರು ಹಾರ್ನ್ ಹೊಡೆಯುತ್ತಿದ್ದಾನೆ. ಮುಖ್ಯವಾದದ್ದೇ ಬಿಟ್ಟುಹೋಯಿತು. ವಾಸನೆ ಬಾರದಿದ್ದರೂ ಅಕ್ಕನ ಮನಸ್ಸು ನೋಯಬಾರದೆಂದು ಬಂತು ಎಂದು ಬರೆಯುವವಳು ನೀನು. ಅದಕ್ಕೇ ನಿನ್ನ ಉತ್ತರ ಕಾಯುವುದಿಲ್ಲ. ರಜೆ ಕೇಳಿದ್ದೆ, ಸಿಕ್ಕಿದೆ. ಬರುವ ಭಾನುವಾರ ನಿನ್ನ ಮನೆಯಲ್ಲಿರುತ್ತೇನೆ. ಅಡುಗೆಮನೆಯ ಬಾಗಿಲು ತೆಗೆದಿಡಲು ನಿನ್ನ ಮನೆಯವರಿಗೆ ಹೇಳು. ಒಲೆ ನೀನೇ ಹಚ್ಚು, ಉಪ್ಪು ಖಾರ ನಿನ್ನ ಕೈ ಅಳತೆಯಲ್ಲೇ ಹಾಕು. ನಾನು ಪಕ್ಕದಲ್ಲಿ ಮೂಗು ಇಟ್ಟುಕೊಂಡು ಕೂತಿರುತ್ತೇನೆ, ಸೀಯುವುದಕ್ಕೆ ಮುಂಚೆ ಹೇಳುತ್ತೇನೆ.