ಕಂಬಳಿಸಿದ್ಧನ ಆಣೆ

ಆಗಸ್ಟ್ 31, ಭಾನುವಾರ

ಕುರಿಗಳಿಗೆ ಹೊಳೆಯಲ್ಲಿ ನೀರು ಕುಡಿಸಿ ಬಂದೆ. ಕೈಯೆಲ್ಲ ಉಣ್ಣೆ ವಾಸನೆ. ಪ್ರಾಜಕ್ತಾಳ ಸ್ಟೇಟಸ್ ನೋಡಿದೆ — ಉಂಗುರ ತೊಟ್ಟ ಬೆರಳು, ಪಕ್ಕದಲ್ಲಿ ಡಫಳಾಪುರದ ಅದೇ ಹುಡುಗ. ಹೋದ ತಿಂಗಳು ನನ್ನನ್ನು ಒಪ್ಪಿ, ಆಮೇಲೆ ಬೇಡವೆಂದವನು. ನನಗೆ ಮೂರ್ಛೆ ರೋಗವಂತೆ! ಹೀಗೆ ಹೇಳಿಬಂದವನು ಪ್ರಾಜಕ್ತಾಳ ಅಪ್ಪ, ನನ್ನ ಸ್ವಂತ ಶಿದ್ರಾಯ ಕಾಕಾ. ಹುಡುಗನ ಅಕ್ಕನೇ ಫೋನಿನಲ್ಲಿ ಬಾಯಿಬಿಟ್ಟಳು. ಸಾಕ್ಷಿಗೆ ಮಾತ್ರ ಬರುವುದಿಲ್ಲವಂತೆ. ಬಿಡುವುದಿಲ್ಲ.

ಸೆಪ್ಟೆಂಬರ್ 5

ನನ್ನ ದೂರಿಗೆ ಪಂಚರು ಕೂತರು. ಕಾಕಾ — "ನಾ ಯಾಕ ಹೇಳ್ಲಿ?" ನಾನೇ ಎದ್ದೆ. "ಹಂಗಾದ್ರ ಕಂಬಳಿಸಿದ್ಧನ ಮುಂದ ಆಣಿ ಮಾಡ್ಲಿ."

ಪಂಚರು ಒಪ್ಪಿದರು. ಆ ಆಣೆ ನಡೆದದ್ದನ್ನು ನಾನಂತೂ ನೋಡಿಲ್ಲ. ತುಂಬಿದ ಹೊಳೆಯ ಮೇಲೆ ಕಂಬಳಿ ಹಾಸಿ ಕುರಿಗಳ ಸಮೇತ ದಾಟಿದವನು ಸಿದ್ಧ. ಅವನ ಗುಡಿಯೆದುರು, ನೀರಲ್ಲಿ ಕೂತು, ಒದ್ದೆ ಕಂಬಳಿ ಹೊದ್ದು ಹೇಳಬೇಕು. ನಿಜ ಹೇಳಿದವರು ಎದ್ದು ಬರುತ್ತಾರೆ. ಸುಳ್ಳನಿಗೆ ಕಂಬಳಿ ಭಾರವಾಗಿ ಏಳಗೊಡುವುದಿಲ್ಲ. ಕಂಬಳಿ ದೂರು ಕೊಟ್ಟವರ ಮನೆಯದೇ ಆಗಬೇಕಂತೆ. ಆಣೆ ಸೋಮವಾರ.

ಸೆಪ್ಟೆಂಬರ್ 7

ಬೆಳಿಗ್ಗೆ ಕಾಕಾ ಬಂದು ಚಹಾ ಕುಡಿದು, ನಗುತ್ತ ಹೇಳಿದ — "ಅದೆಲ್ಲಾ ಹಳೇ ಕಥಿ ಪೂನಮ. ಕಂಬಳಿ ಎಲ್ಲರೆ ಭಾರ ಆಗ್ತೈತೇನ?"

ಆಗುತ್ತದೆ, ತಡಿ. ಅಪ್ಪನ ಮೋಟಾರ್ ರಿಪೇರಿ ಡಬ್ಬಿಯಿಂದ ನಟ್ಟು ತೆಗೆದೆ. ಕಂಬಳಿಯ ಅಂಚು ಮಡಚಿ, ಒಳಗೆ ತುಂಬಿ ಹೊಲಿದೆ. ಕರಿ ಕಂಬಳಿ, ಕರಿ ದಾರ. ಮೊಣಕಾಲುದ್ದ ನೀರು, ಸಾಯುವುದೇನಿಲ್ಲ. ಎಲ್ಲರೆದುರು ಕೆಸರಲ್ಲಿ ಒದ್ದಾಡಲಿ. ಡಫಳಾಪುರದವರೂ ಬರುತ್ತಾರಂತೆ... ಬರಲಿ!

ಸಂಜೆ ಪೂಜಾರಿ ಬಂದು ಕಂಬಳಿ ಎತ್ತಿಕೊಂಡ. "ಭಾಳ ವಜ್ಜ ಐತಲ್ಲ?"

"ಹೊಸಾದೈತ್ರಿ."

ಹೊಳೆಯಲ್ಲಿ ನೆನೆಹಾಕಿ ಅಲ್ಲೇ ಕಾಯುತ್ತಾನಂತೆ.

ಸೆಪ್ಟೆಂಬರ್ 8, ಬೆಳಿಗ್ಗೆ

ಬೀರವ್ವಜ್ಜಿ ನನ್ನ ತಲೆ ಬಾಚುತ್ತಿದ್ದಳು. "ನೀರಾಗ ಕುಂದ್ರುವಾಗ ಸೀರಿ ಬಿಗಿಯಾಗಿ ಸುತ್ಕೋ."

"ನಾ ಯಾಕ ಕುಂದ್ರಲಿ ಅಜ್ಜಿ?"

"ಕಂಬಳಿ ಕೊಟ್ಟಾಕಿನೇ ಮೊದಲ ಹೊದ್ದು ಏಳಬೇಕ, ಹುಚ್ಚಿ. ಆಮ್ಯಾಲ ಅಂವ. ಇಲ್ಲಂದ್ರ ಯಾರರೆ ಕಲ್ಲ ಕಟ್ಟಿ ಕೊಟ್ಟಾರು!" ನಕ್ಕಳು.

ಕಂಬಳಿ ಆಗಲೇ ನೀರಲ್ಲಿದೆ, ಪೂಜಾರಿ ಪಕ್ಕದಲ್ಲೇ. ನಾನು ಏಳದಿದ್ದರೆ ಸುಳ್ಳಿ ನಾನೇ, ಮೂರ್ಛೆಯೂ ನನ್ನದೇ. ಅಪ್ಪ ಗಾಡಿ ಚಾಲೂ ಮಾಡಿದ, ಹಾರ್ನ್ ಹೊಡೆಯುತ್ತಿದ್ದಾನೆ. ಬಾಗಿಲಲ್ಲಿ ಅಜ್ಜಿ — "ನೀ ಖರೇ ಹೇಳಾಕಿ, ನಿನಗ್ಯಾಕ ಅಂಜಿಕಿ?"

ನಾನು ಹೇಳಿದ್ದು ನಿಜವೇ ಸಿದ್ಧಾ, ನಿಜವೇ... ನಾಲ್ಕು ನಟ್ಟು ಕಡಿಮೆ ಹಾಕಿದ್ದರೂ ಏಳಬಹುದಿತ್ತೇನೋ —