ತೊಟ್ಟಿಯ ಹಿಂದಿನ ಮೂರಡಿ

ಮನೆಯಿಂದ,
ಬುಧವಾರ, ಮಾರ್ಚ್ ೧೨

ಪ್ರೀತಿಯ ಅತ್ತೆಯವರಿಗೆ,

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದವನ್ನು ಒಬ್ಬರೇ ಇರುವಾಗ ಓದಿ. ನಿಮ್ಮ ಮಗಳು ಇಣುಕಿದರೆ ಮಡಚಿ ದಿಂಬಿನ ಕೆಳಗಿಡಿ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ಆ ಕಡೆ ಕೈಯಲ್ಲಿ ಮಗುವಿದೆ ಎಂದು ಅವಳು ಸ್ಪೀಕರಿಗೆ ಹಾಕುತ್ತಾಳೆ, ಈ ಕಡೆ ಕಿವಿ ಮಂದ ಎಂದು ಮಾವ ಸ್ಪೀಕರಿಗೆ ಹಾಕುತ್ತಾರೆ. ನಾವಿಬ್ಬರು ಗುಟ್ಟು ಮಾತಾಡಿದರೆ ಬೀದಿಗೇ ಕೇಳುತ್ತದೆ. ನಿಮ್ಮ ಮೊಣಕಾಲು ಹೇಗಿದೆ? ಮಗು ರಾತ್ರಿ ಮಲಗುತ್ತಿದೆಯೇ, ಇಲ್ಲ ನಿಮ್ಮನ್ನೇ ಜಾಗರಣೆ ಕೂರಿಸಿದೆಯೇ? ಅವಳ ಮನೆಯ ಮೆಟ್ಟಿಲು ಕಡಿದು, ದಯವಿಟ್ಟು ಹಿಡಿದುಕೊಂಡು ಇಳಿಯಿರಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನನ್ನ ತಲೆಯೊಂದೇ ನೆಟ್ಟಗಿಲ್ಲ.

ಬೇಲಿಯ ವಿಷಯ. ನೀವು ಹೊರಟ ದಿನ ‘ಹಳೇ ದಾಸವಾಳದ ಸಾಲು ಒಣಗಿಹೋಗಿದೆ, ನಾಯಿಗಳು ನುಗ್ಗಿ ಮಡಿಯೆಲ್ಲ ಕೆದರ್ತಾ ಇವೆ, ಹೊಸ ಬೇಲಿ ಹಾಕಿಸಿಬಿಡಿ’ ಎಂದು ಸುಲಭವಾಗಿ ಹೇಳಿ ಬಸ್ಸು ಹತ್ತಿದಿರಿ. ಎಂಥ ಬೇಲಿ ಎನ್ನುವುದನ್ನು ಮಾತ್ರ ನನ್ನ ತಲೆಗೆ ಕಟ್ಟಿದಿರಿ. ಮಾವನಿಗೆ ಆರಡಿ ಎತ್ತರದ ತಗಡೇ ಆಗಬೇಕು, ‘ಆ ಪಕ್ಕದ ಮನೆಯ ನೆರಳೂ ಈ ಕಡೆ ಬೀಳಬಾರದು.’ ನಿಮ್ಮ ಮಗನನ್ನು ಕೇಳಿದರೆ ‘ನೀವೆಲ್ಲ ಏನಂತೀರೋ ಅದೇ’ ಎಂದು ಪೇಪರು ಎತ್ತಿಕೊಂಡು ಬಚ್ಚಲಿಗೆ ಹೋಗುತ್ತಾರೆ. ನೀವು ಫೋನಿನಲ್ಲಿ ‘ತಗಡು ಬೇಡ, ಜಾಲರಿ ಹಾಕ್ಸು, ಗಿಡಕ್ಕೆ ಗಾಳಿ ಬೇಕು’ ಎಂದು ಮೂರು ಸಲ ಹೇಳಿದಿರಿ. ಗಿಡದ ಗಾಳಿಯ ಬಗ್ಗೆ ನಿಮಗೆ ಅಷ್ಟು ಕಾಳಜಿ ಯಾವಾಗ ಬಂತು ಎಂದು ಆಗಲೇ ನನಗೆ ಗುಮಾನಿ ಬರಬೇಕಿತ್ತು. ಬೇಲಿ ಹಾಕುವ ಮೇಸ್ತ್ರಿಗೆ ನಾನು ‘ಒಂದಿಂಚು’ ಎಂದು ಹೆಸರಿಟ್ಟಿದ್ದೇನೆ. ಏನು ಕೇಳಿದರೂ ‘ಒಂದಿಂಚು ಹೆಚ್ಚುಕಮ್ಮಿ ಆಗುತ್ತೆ ಅಮ್ಮಾ’ ಎನ್ನುತ್ತಾನೆ. ಅವನೇ ಕೊನೆಗೆ ರಾಜಿ ಮಾಡಿಸಿದ. ಗಿಡದ ಮಡಿಗಳಿರುವ ಉದ್ದಕ್ಕೂ ಜಾಲರಿ, ಮಡಿಯಿಲ್ಲದ ಹಿಂದಿನ ಮೂಲೆಗೆ, ಅಂದರೆ ನೀರಿನ ತೊಟ್ಟಿಯ ಹಿಂದೆ, ಮಾವ ಕೇಳಿದ ತಗಡು. ನಾನೂ ಹೂಂ ಎಂದೆ. ನನಗೇನು ಗೊತ್ತಿತ್ತು?

ನಿನ್ನೆ ಒಂದಿಂಚು ದಾಸವಾಳ ಕಡಿಯುತ್ತಾ ತೊಟ್ಟಿಯ ಹಿಂದಕ್ಕೆ ಹೋದವನು ನನ್ನನ್ನು ಕೂಗಿದ. ‘ಇಲ್ಲಿ ದಿನಾ ಯಾರೋ ಕೂರ್ತಾರೆ ಅಮ್ಮಾ, ನೆಲ ನೋಡಿ.’ ನೋಡಿದೆ. ನೆಲ ಸಾರಿಸಿದಷ್ಟು ನುಣುಪು. ಎರಡು ಕೊಂಬೆಗಳನ್ನು ಅತ್ತಿತ್ತ ಬಗ್ಗಿಸಿ ಬಟ್ಟೆಯ ಪಟ್ಟಿಯಿಂದ ಕಟ್ಟಿದ್ದರು, ನಡುವೆ ಒಂದು ಮುಖ ಕಾಣುವಷ್ಟು ಕಿಂಡಿ. ಆ ಪಟ್ಟಿ ನಿಮ್ಮ ಹಸಿರು ರವಿಕೆಯದು. ಕಿಂಡಿಯ ಈ ಕಡೆ ನಮ್ಮ ಬಚ್ಚಲಮನೆಯ ಮಣೆ. ಕಳೆದುಹೋಯಿತೆಂದು ನನಗೆ ಎರಡು ದಿನ ಬೈದಿರಲ್ಲ, ಅದೇ ಮಣೆ. ಆ ಕಡೆ ಒಂದು ಸಿಮೆಂಟ್ ಇಟ್ಟಿಗೆ, ಮೇಲೆ ಮಡಚಿದ ಗೋಣಿ. ಪಕ್ಕದಲ್ಲಿ ನಮ್ಮ ಸ್ಟೀಲ್ ಡಬ್ಬಿ, ಅದರ ಮೇಲೆ ಪಕ್ಕದ ಮನೆಯವರ ಮುಚ್ಚಳ. ಮಧ್ಯಾಹ್ನ ಮೂರಕ್ಕೆ ಮಾವ ಗೊರಕೆ ಹೊಡೆಯುವಾಗ ‘ಬಟ್ಟೆ ಎತ್ಕೊಂಡು ಬರ್ತೀನಿ’ ಎಂದು ಹೋಗಿ ನಾಲ್ಕು ಬಟ್ಟೆ ಎತ್ತಲು ನಿಮಗೆ ಮುಕ್ಕಾಲು ಗಂಟೆ ಏಕೆ ಹಿಡಿಯುತ್ತಿತ್ತು ಎನ್ನುವುದು ಅಲ್ಲಿ ನಿಂತಾಗ ತಿಳಿಯಿತು.

ಅತ್ತೆ, ನನಗೆ ನಗಬೇಕೋ ಸಿಟ್ಟಾಗಬೇಕೋ ಗೊತ್ತಾಗುತ್ತಿಲ್ಲ. ನಾನು ಈ ಮನೆಗೆ ಬಂದ ವಾರವೇ ನೀವು ಹೇಳಿಕೊಟ್ಟಿರಿ: ಪಕ್ಕದ ಮನೆಯವರು ನಮ್ಮ ಏಣಿ ತೆಗೆದುಕೊಂಡು ಹೋಗಿ ಮೆಟ್ಟಿಲು ಮುರಿದು ತಂದರು, ಕೇಳಿದರೆ ಮುರಿದದ್ದನ್ನೇ ಕೊಟ್ಟಿರಿ ಎಂದರು, ಅಂದಿನಿಂದ ಮಾತಿಲ್ಲ, ನೀನೂ ಆಡಬೇಡ ಎಂದು. ನಾನು ಆರು ವರ್ಷ ನಿಷ್ಠೆಯಿಂದ ಪಾಲಿಸಿದೆ. ಆ ಮನೆಯಾಕೆ ಎದುರಿಗೆ ಬಂದರೆ ರಸ್ತೆ ದಾಟಿದೆ. ಒಮ್ಮೆ ಅಂಗಡಿಯಲ್ಲಿ ಆಕೆ ನನ್ನನ್ನು ನೋಡಿ ನಕ್ಕರೆ ನಾನು ಸೋಪಿನ ಕಪಾಟಿನತ್ತ ತಿರುಗಿ ಬೇಡದ ಮೂರು ಸೋಪು ಕೊಂಡುಕೊಂಡು ಬಂದೆ. ನೀವು ಮಾವನೆದುರು ‘ಆ ಮನೆಯವಳ ಧ್ವನಿ ಕೇಳಿದ್ರೇ ತಲೆನೋವು’ ಎನ್ನುತ್ತಿದ್ದಿರಿ, ಮೂರಕ್ಕೆ ಹೋಗಿ ಅದೇ ಧ್ವನಿ ಕೇಳುತ್ತಾ ಕೂರುತ್ತಿದ್ದಿರಿ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಅಂದರೆ ಇದೇ. ಹಾಗಾದರೆ ನಾನು ಇಷ್ಟು ವರ್ಷ ಯಾರ ಪರವಾಗಿ ಯಾರ ಮೇಲೆ ಮುನಿಸಿಕೊಂಡಿದ್ದೆ? ನನಗಾದರೂ ಒಂದು ಮಾತು ಹೇಳಬಹುದಿತ್ತು. ನಾನು ಮಾವನಿಗೆ ಚಾಡಿ ಹೇಳುವವಳು ಎಂದುಕೊಂಡಿರಾ? ಈ ಕೊನೆಯ ಪ್ರಶ್ನೆ ನಿಜವಾಗಿಯೂ ಚುಚ್ಚುತ್ತಿದೆ, ಅದಕ್ಕೇ ಬರೆದೆ.

ಸಿಟ್ಟು ಬದಿಗಿರಲಿ, ಈಗ ಮಾಡುವುದೇನು? ಕಂಬಗಳು ನಿಂತಿವೆ, ಸೋಮವಾರ ತಗಡು ಬರುತ್ತದೆ. ಅದು ಕೂತರೆ ನಿಮ್ಮ ಕಿಂಡಿ ಮುಗಿಯಿತು. ಬೇಡವೆಂದರೆ ಮಾವ ಏಕೆ ಎಂದು ಕೇಳುತ್ತಾರೆ. ಏಕೆಂದು ಹೇಳಿದರೆ ಹನ್ನೊಂದು ವರ್ಷದ ಹಿಂದಿನ ಏಣಿ ಮತ್ತೆ ಮೇಲೇಳುತ್ತದೆ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಣೆ, ಡಬ್ಬಿಗಳನ್ನು ಸದ್ಯಕ್ಕೆ ತೊಟ್ಟಿಯ ಪಕ್ಕ ಬಕೆಟ್ಟಿನ ಕೆಳಗೆ ಮುಚ್ಚಿಟ್ಟಿದ್ದೇನೆ. ಒಂದಿಂಚುವಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದೇನೆ. ‘ನಾನು ಬೇಲಿ ಹಾಕೋನು, ಮನೆ ಒಡೆಯೋನಲ್ಲ’ ಎಂದ, ಒಳ್ಳೆಯವನು. ಈ ಕಾಗದ ಶನಿವಾರ ನಿಮ್ಮ ಕೈ ಸೇರುತ್ತದೆ. ಅಂದು ಫೋನಿನಲ್ಲಿ ಸುಮ್ಮನೆ ‘ಬಟ್ಟೆ ಒಣಗಿದ್ಯಾ?’ ಎಂದು ಕೇಳಿ, ಕಿಂಡಿ ಉಳಿಸು ಎಂದು ತಿಳಿದುಕೊಳ್ಳುತ್ತೇನೆ. ಕೇಳದಿದ್ದರೆ ಮುಚ್ಚಿಸುತ್ತೇನೆ. ಉಳಿಸು ಎಂದರೆ ಹೇಗೆ ಉಳಿಸುವುದೋ ನನಗೂ ಗೊತ್ತಿಲ್ಲ.

ಮಗುವಿಗೆ ನನ್ನ ಮುತ್ತು, ನಾದಿನಿಗೆ ನೆನಪುಗಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ. ನಿಮ್ಮ ಕಾಲಿಗೆ ನಮಸ್ಕಾರ ಮಾಡಿ, ಅದೇ ಕಾಲನ್ನು ಸ್ವಲ್ಪ ಎಳೆಯಬೇಕೆನ್ನಿಸುತ್ತಿರುವ,

ನಿಮ್ಮ ಸೊಸೆ

ಮರೆತ ಮಾತು, ಗುರುವಾರ ಸಂಜೆ: ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಇವತ್ತು ಮೂರಕ್ಕೆ ಬಟ್ಟೆ ಎತ್ತಲು ಹೋದವಳು, ಯಾಕೋ ಮಣೆ ಹಾಕಿಕೊಂಡು ಕೂತೆ. ಪಕ್ಕದ ಮನೆಯಾಕೆ ಆ ಕಡೆ ಆಗಲೇ ಕೂತಿದ್ದರು. ನಮ್ಮ ನಡುವೆ ಈಗ ಎಲೆಯೂ ಇಲ್ಲ, ಬರೀ ಎರಡು ಕಂಬ. ಆಕೆಯೇ ಮೊದಲು ‘ಈಗ ಊಟ ಸರಿಯಾಗಿ ಮಾಡ್ತೀಯಾ?’ ಎಂದರು. ನನಗೆ ಅರ್ಥವಾಗಲಿಲ್ಲ. ‘ಹೋದ ವರ್ಷ ಬಸಿರು ಇಳಿದುಹೋದಾಗ ನಾಲ್ಕು ದಿನ ಏನೂ ತಿನ್ಲಿಲ್ವಲ್ಲ ನೀನು. ಐದನೇ ದಿನ ಒಂದು ತುತ್ತು ತಿಂದ್ಳು ಅಂತ ಹೇಳೋಕೆ ನಿಮ್ಮತ್ತೆ ಆ ಕಾಲಲ್ಲಿ ಓಡಿ ಬಂದ್ರು. ಅಲ್ಲೇ, ನೀನು ಕೂತಿರೋ ಜಾಗದಲ್ಲೇ ಕೂತು ಅತ್ರು. ನಿನ್ನೆದುರು ಅತ್ರೆ ನೀನು ಇನ್ನೂ ಕುಸಿದುಹೋಗ್ತೀಯ ಅಂತ ಅವರಿಗೆ ಭಯ.’ ಅತ್ತೆ, ಆಗ ನನಗೆ ನೀವು ಹೇಳಿದ್ದು ಒಂದೇ ಮಾತು, ‘ಎದ್ದು ಮುಖ ತೊಳ್ಕೋ’. ಆ ಮಾತನ್ನು ನಾನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ನಿಮ್ಮನ್ನು ಕಲ್ಲು ಎಂದುಕೊಂಡಿದ್ದೆ. ಶನಿವಾರ ಏನೂ ಕೇಳಬೇಡಿ. ತೊಟ್ಟಿಯ ಹಿಂದೆ ಮೂರಡಿ ತಗಡಿಗೆ ಬಾಗಿಲಿನ ಹಾಗೆ ಕೀಲು ಹಾಕಲು ಮೇಸ್ತ್ರಿಗೆ ಹೇಳಿಯಾಯಿತು. ತೊಟ್ಟಿ ತೊಳೆದ ನೀರು ಹೋಗಲು ಬೇಕು ಎಂದೆ, ಮಾವ ಒಪ್ಪಿದರು. ಅಲ್ಲಿ ಕೂತು ಎಷ್ಟು ಬೇಕಾದರೂ ಹರಟೆ ಹೊಡೆಯಿರಿ. ಆದರೆ ಇನ್ನು ಅಳು ಬಂದರೆ ಅಷ್ಟು ದೂರ ಹೋಗಬೇಡಿ ಅತ್ತೆ. ನಾನು ಅಡುಗೆಮನೆಯಲ್ಲೇ ಇರುತ್ತೇನೆ.